ಘಳಿಗೆ

ನಾರಾಯಣಪೇಟೆಯ ಕಡೆಯ ಕನ್ನಡ ಮನೆಗಳಲ್ಲಿ ‘ಘಳಿಗೆ’ ಎಂಬ ಒಂದೇ ಮಾತಿಗೆ ಎರಡು ಬಾಳುಗಳುಂಟು: ಒಂದು ಗೂಡಿನಲ್ಲಿಟ್ಟ ಪಂಚಾಂಗದಲ್ಲಿ, ಇನ್ನೊಂದು ಪೆಟ್ಟಿಗೆಯಲ್ಲಿಟ್ಟ ಸೀರೆಯಲ್ಲಿ.

ಪಂಚಾಂಗದ ಘಳಿಗೆ ನೀರಿನಲ್ಲಿ ಹುಟ್ಟಿದುದು. ಸಂಸ್ಕೃತದ ಘಟವೆಂದರೆ ಕೊಡ, ಘಟಿಕೆಯೆಂದರೆ ಪುಟ್ಟ ಕೊಡ. ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವಷ್ಟು ಕಾಲವನ್ನು ಹಿರಿಯರು ಒಂದು ಘಳಿಗೆಯೆಂದೆಣಿಸಿದರು. ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಆ ಬಟ್ಟಲು 60 ಸಲ ಮುಳುಗಬೇಕು. ಆದುದರಿಂದ ಘಳಿಗೆಯೊಂದಕ್ಕೆ ನಮ್ಮ 24 ನಿಮಿಷ, ಎರಡು ಘಳಿಗೆ ಕೂಡಿದರೆ ಒಂದು ಮುಹೂರ್ತ. ಚಂದ್ರನು ಸೂರ್ಯನಿಂದ 12 ಅಂಶ ಸರಿಯುವ ಅವಧಿಯೇ ತಿಥಿಯಾಗಿ, ಅವನ ನಡೆ ಒಮ್ಮೆ ಚುರುಕು ಒಮ್ಮೆ ಮಂದವಾದ ಕಾರಣ, ಹಳೆಯ ಸಿದ್ಧಾಂತದ ಲೆಕ್ಕದಲ್ಲಿ ತಿಥಿಯು 54 ಘಳಿಗೆಗೆ ಕುಗ್ಗುವುದೂ ಉಂಟು, 65ಕ್ಕೆ ಹಿಗ್ಗುವುದೂ ಉಂಟು. ಒಂದು ಸೂರ್ಯೋದಯವನ್ನೂ ಕಾಣದೆ ಕಳೆದುಹೋದ ತಿಥಿ ಕ್ಷಯವೆನಿಸಿತು, ಎರಡನ್ನು ಕಂಡುದು ವೃದ್ಧಿಯೆನಿಸಿತು. ಗಳಿಗೆಬಟ್ಟಲು ಮೂಲೆಗೆ ಸೇರಿ ಎಷ್ಟೋ ಕಾಲವಾಯಿತು. ಆದರೂ ‘ಗಡಿಯಾರ’ವೆಂಬ ಹೆಸರಿನಲ್ಲಿ ಅದರ ನೀರು ಇನ್ನೂ ಆರಿಲ್ಲ.

ಸೀರೆಯ ಘಳಿಗೆಯೆಂದರೆ ಮಡಿಕೆ. ಮರಾಠಿಯ ‘ಘಡಿ’ಗೂ ಹೀಗೆಯೇ ಎರಡರ್ಥ, ಕ್ಷಣವೂ ಹೌದು, ಮಡಿಕೆಯೂ ಹೌದು. ಚೌಕಳಿಯ ಒಡಲಿನ ನಾರಾಯಣಪೇಟೆ ಸೀರೆಯಾಗಲಿ, ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡಿಸಿದ ಗದ್ವಾಲದ ಸೀರೆಯಾಗಲಿ, ಮಗ್ಗದಿಂದಿಳಿದು ಅಂಗಡಿಯ ಮಡಿಕೆಯಲ್ಲೇ ಮನೆಗೆ ಬರುತ್ತದೆ. ಆ ಮಡಿಕೆಯನ್ನು ಬಿಚ್ಚಿ ಮೊದಲ ಸಲ ಉಡುವುದಕ್ಕೆ ‘ಘಳಿಗಿ ಮುರಿಯೋದು’ ಎನ್ನುತ್ತಾರೆ. ಘಳಿಗೆ ನೋಡಿಯೇ ಘಳಿಗೆ ಮುರಿಯಬೇಕೆಂಬುದು ಹಿರಿಯರ ಕಟ್ಟಳೆ.

ಈ ಎರಡು ಘಳಿಗೆಗಳೂ ಒಂದೆಡೆ ಕೂಡಿದ್ದನ್ನು ನಾನು ಮಕ್ತಲಿನ ಒಂದು ಮನೆಯಲ್ಲಿ ಕಂಡೆನು. ರಾಯಚೂರಿನಲ್ಲಿ ಬೆಳಗಿನ ಜಾವದ ಗಾಡಿ ಹಿಡಿಯಬೇಕಾಗಿದ್ದ ಮೊಮ್ಮಗಳು ನಟ್ಟಿರುಳು ಕಳೆದ ಮೇಲೆ ಹೊಸ ಸೀರೆಯನ್ನು ಕೈಗೆತ್ತಿಕೊಂಡಳು. ಒಳಗಿನಿಂದ ಅಜ್ಜಿಯ ಧ್ವನಿ ಬಂದಿತು: “ಮಂಗಳವಾರ ಘಳಿಗಿ ಮುರೀಬ್ಯಾಡವಾ.”

“ಹನ್ನೆರಡು ಹೊಡದು ಹೋತಲ್ಲಜ್ಜಿ, ಟಿಕೇಟಿನ್ಯಾಗ ಬುಧವಾರ ಅಂತ ಅದ.”

“ಟಿಕೇಟಿಗೆ ಬುಧವಾರ ಇರಲಿ. ಹೊತ್ತು ಹುಟ್ಟೂ ತನಕಾ ನಮಗ ಮಂಗಳವಾರನ.”

ಗೂಡಿನಲ್ಲಿದ್ದ ಮಂತ್ರಾಲಯದ ಪಂಚಾಂಗವನ್ನು ಯಾರೂ ತೆರೆಯಲಿಲ್ಲ. ತೆರೆದಿದ್ದರೂ ಅದು ಅಜ್ಜಿಯ ಪಕ್ಷವನ್ನೇ ವಹಿಸುತ್ತಿತ್ತು. ರೈಲಿನವರಿಗೆ ದಿನವು ಕತ್ತಲೆಯ ನಡುವೆ ಮುಳ್ಳು ಸರಿದೊಡನೆ ಬದಲಾಗುತ್ತದೆ. ಪಂಚಾಂಗಕ್ಕೆ ಪೂರ್ವದಿಕ್ಕು ಕೆಂಪೇರಿ ಸೂರ್ಯನ ಅಂಚು ಕಾಣಬೇಕು. ಮೊಮ್ಮಗಳು ನಕ್ಕು ಹಳೆಯ ಸೀರೆಯಲ್ಲೇ ಹೊರಟಳು. ಹೊಸದು ಅವಳ ಚೀಲದಲ್ಲಿ, ಮಡಿಕೆ ಕದಲದೆ, ಗುಂತಕಲ್ಲಿನ ಹಾದಿಯಲ್ಲೆಲ್ಲೋ ಆಗಲಿದ್ದ ಸೂರ್ಯೋದಯವನ್ನು ಕಾಯುತ್ತ ಹೋಯಿತು.