ಇಂಗ್ಲೆಂಡಿನಲ್ಲಿ ವಯಸ್ಕರ ಸಾಮಾಜಿಕ ಆರೈಕೆಯ ಇತಿಹಾಸ

ಮುಪ್ಪು, ಅಂಗವೈಕಲ್ಯ ಅಥವಾ ದೀರ್ಘಕಾಲದ ಕಾಯಿಲೆಯಿಂದಾಗಿ ಸ್ನಾನ, ಊಟ, ಓಡಾಟಕ್ಕೆ ಇನ್ನೊಬ್ಬರ ನೆರವು ಬೇಕಾದ ವಯಸ್ಕರಿಗೆ ಮನೆಯಲ್ಲೋ ಆರೈಕೆ ಗೃಹದಲ್ಲೋ ಸಿಗುವ ಸೇವೆಯೇ ಸಾಮಾಜಿಕ ಆರೈಕೆ. ಇದು ಸ್ಥಳೀಯ ಸಂಸ್ಥೆಗಳ ಹೊಣೆ. ಚಿಕಿತ್ಸೆಯ ಹೊಣೆ ರಾಷ್ಟ್ರೀಯ ಆರೋಗ್ಯ ಸೇವೆಯದು (ಎನ್‌ಎಚ್‌ಎಸ್). ಚಿಕಿತ್ಸೆ ಉಚಿತ, ಆರೈಕೆಗೆ ಆದಾಯ, ಆಸ್ತಿ ನೋಡಿ ಶುಲ್ಕ. ಸ್ಕಾಟ್ಲೆಂಡ್ 2002ರಲ್ಲಿ 65 ದಾಟಿದವರ ವೈಯಕ್ತಿಕ ಆರೈಕೆಯನ್ನು ಉಚಿತಗೊಳಿಸಿತು. ಹಾಗಾಗಿ ಇಡೀ ಬ್ರಿಟನ್ನಿಗೆ ಒಂದೇ ನಿಯಮವೆಂದು ಬರೆಯುವುದು ತಪ್ಪು; ಇಲ್ಲಿನ ವಿವರಗಳು ಇಂಗ್ಲೆಂಡಿಗೆ ಸಂಬಂಧಿಸಿದವು.

1601 ಮತ್ತು 1834ರ ಬಡವರ ಕಾನೂನುಗಳು, ನಿರ್ಗತಿಕರನ್ನು ಇರಿಸಿ ದುಡಿಸುತ್ತಿದ್ದ ವರ್ಕ್‌ಹೌಸ್‌ಗಳ ಕಥೆ ಎಲ್ಲೆಡೆ ಸಿಗುತ್ತದೆ. ಚಿಕಿತ್ಸೆ ಉಚಿತ, ಆರೈಕೆಗೆ ಶುಲ್ಕ ಎಂಬ ಈಗಿನ ತೊಡಕು ಶುರುವಾದದ್ದು 1948ರ ಜುಲೈ 5ರಂದು. ಎನ್‌ಎಚ್‌ಎಸ್ ಮತ್ತು ವೃದ್ಧರ ಮನೆಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ರಾಷ್ಟ್ರೀಯ ಸಹಾಯ ಕಾಯ್ದೆ ಅದೇ ದಿನ ಜಾರಿಗೆ ಬಂದವು. ಸಚಿವ ಅನ್ಯೂರಿನ್ ಬೆವನ್ ಅವರ ಕಲ್ಪನೆಯಲ್ಲಿ ವೃದ್ಧರ ಮನೆಯೆಂದರೆ ಇಪ್ಪತ್ತೈದು-ಮೂವತ್ತು ಜನರ ಹೋಟೆಲು. ಇರುವವರು ಹಣ ಕೊಟ್ಟು ತಂಗಿದ ಅತಿಥಿಗಳು. ವಾರದ 26 ಶಿಲ್ಲಿಂಗ್ ಪಿಂಚಣಿಯಲ್ಲಿ 21 ಶುಲ್ಕಕ್ಕೆ, 5 ಕೈಖರ್ಚಿಗೆ. ದಾನದ ಕೂಳೆಂಬ ಕಳಂಕ ತೊಳೆಯಲು ಇಟ್ಟ ಈ ಶುಲ್ಕವೇ ಮುಂದೆ ಬಿಡಿಸಲಾಗದ ಗಂಟಾಯಿತು. ಹೊಸ ಮನೆಗಳೂ ಬೇಗ ಏಳಲಿಲ್ಲ. ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ 1962ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೃದ್ಧರನೇಕರು ಇನ್ನೂ ಹಳೆಯ ವರ್ಕ್‌ಹೌಸ್ ಕಟ್ಟಡಗಳಲ್ಲೇ ಇದ್ದರು.

ಎನ್‌ಎಚ್‌ಎಸ್ ಮತ್ತು ಸ್ಥಳೀಯ ಸಂಸ್ಥೆಗಳ ನಡುವಿನ ಗಡಿ ಎಷ್ಟು ತೆಳು ಎಂಬುದಕ್ಕೆ ಸ್ನಾನವೇ ಸಾಕ್ಷಿ. ಅದೇ ಮುದುಕಿಗೆ ಅದೇ ಬಚ್ಚಲಲ್ಲಿ ನೀರು ಹಾಕುವುದನ್ನು ವೈದ್ಯಕೀಯ ಅಗತ್ಯವೆಂದರೆ ದಾದಿ ಬರುತ್ತಾಳೆ, ಖರ್ಚಿಲ್ಲ. ಬರಿಯ ಶುಚಿತ್ವವೆಂದರೆ ಪುರಸಭೆಯ ಸಹಾಯಕಿ ಬರುತ್ತಾಳೆ, ಬಿಲ್ಲೂ ಬರಬಹುದು.

1980ರ ದಶಕದಲ್ಲಿ ಖಾಸಗಿ ಗೃಹಗಳ ಶುಲ್ಕವನ್ನು ಸಾಮಾಜಿಕ ಭದ್ರತಾ ನಿಧಿ ಭರಿಸತೊಡಗಿದ್ದರಿಂದ ಅವು ದಂಡಿಯಾಗಿ ಹುಟ್ಟಿಕೊಂಡವು. ಸಮುದಾಯ ಆರೈಕೆ ಕುರಿತ 1988ರ ಗ್ರಿಫಿತ್ಸ್ ವರದಿಯ ಬೆನ್ನಲ್ಲೇ ಬಂದ 1990ರ ಕಾಯ್ದೆ ಆ ಹಣವನ್ನು ಸ್ಥಳೀಯ ಸಂಸ್ಥೆಗಳ ಕೈಗಿತ್ತಿತು. ಇತಿಹಾಸಗಳು ಇದನ್ನೇ ದೊಡ್ಡ ತಿರುವೆನ್ನುತ್ತವೆ. ಅಷ್ಟೇ ತೂಕದ ಇನ್ನೊಂದು ತಿರುವು ಕೆಳಗಿನಿಂದ ಬಂತು. ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಗೃಹದಲ್ಲಿದ್ದ ಕೆಲವು ಅಂಗವಿಕಲರು 1980ರ ಸುಮಾರಿಗೆ ಕೇಳಿದ್ದು ಇಷ್ಟೇ: ನಮ್ಮ ಮೇಲೆ ಇಲ್ಲಿ ಮಾಡುವ ಖರ್ಚನ್ನು ನಮಗೇ ಕೊಡಿ, ಸ್ವಂತ ಮನೆಯಲ್ಲಿದ್ದು ಸಹಾಯಕರನ್ನು ನಾವೇ ನೇಮಿಸಿಕೊಳ್ಳುತ್ತೇವೆ. ವ್ಯಕ್ತಿಗೆ ನಗದು ಕೊಡಲು 1948ರ ಕಾಯ್ದೆ ಅಡ್ಡಬಂದಾಗ ಹಣವನ್ನು ಮೂರನೆಯವರ ಮೂಲಕ ಸಾಗಿಸಲಾಯಿತು. ಈ ಅಡ್ಡದಾರಿ 1996ರ ನೇರ ಪಾವತಿ ಕಾಯ್ದೆಯಿಂದ ಹೆದ್ದಾರಿಯಾಯಿತು. ಉತ್ತಮ ಪದ್ಧತಿಯೆಂದು ಇಂದು ತರಬೇತಿಗಳಲ್ಲಿ ಹೇಳಿಕೊಡುವ ವ್ಯಕ್ತಿಕೇಂದ್ರಿತ ಆರೈಕೆಯ ಒಂದು ಮುಖ್ಯ ಬೇರು ಇಲ್ಲಿದೆ. ಶ್ರೇಯಸ್ಸು ಮಾತ್ರ ಹೆಚ್ಚಾಗಿ ಸರ್ಕಾರಿ ದಾಖಲೆಗಳಿಗೆ ಸಲ್ಲುತ್ತದೆ.

2014ರ ಆರೈಕೆ ಕಾಯ್ದೆಯ ಬಗ್ಗೆ ಎಚ್ಚರ ಬೇಕು. ಒಬ್ಬರು ಜೀವಮಾನದಲ್ಲಿ ಆರೈಕೆಗೆ ತೆರಬೇಕಾದ ಮೊತ್ತಕ್ಕೆ ಮಿತಿ ಹಾಕುವ ಕಲಮು ಅದರಲ್ಲಿದೆ. ಆದರೆ ಆ್ಯಂಡ್ರೂ ಡಿಲ್ನಾಟ್ ಆಯೋಗ 2011ರಲ್ಲಿ ಶಿಫಾರಸು ಮಾಡಿದ್ದ ಈ ಮಿತಿ ಜಾರಿಯಾಗಲೇ ಇಲ್ಲ. 72,000 ಪೌಂಡಿನ ಮಿತಿ 2016ಕ್ಕೆಂದು ನಿಗದಿಯಾಗಿ 2020ಕ್ಕೆ ಮುಂದೆ ಹೋಯಿತು, ಆಮೇಲೆ ಕೈಬಿಟ್ಟುಹೋಯಿತು. 2021ರಲ್ಲಿ 86,000 ಎಂದು ಮತ್ತೆ ಘೋಷಣೆಯಾಯಿತು. 2023ರ ಗಡುವು 2025ಕ್ಕೆ ಜಾರಿತು. 2024ರ ಜುಲೈನಲ್ಲಿ ಹೊಸ ಸರ್ಕಾರ ಅದನ್ನೂ ರದ್ದುಮಾಡಿತು. 23,250 ಪೌಂಡಿಗಿಂತ ಹೆಚ್ಚು ಆಸ್ತಿಯುಳ್ಳವರು ಪೂರ್ತಿ ಖರ್ಚು ತಾವೇ ಭರಿಸಬೇಕೆಂಬ ರೇಖೆ 2010ರಿಂದ ಕದಲಿರಲಿಲ್ಲ.

ಕೋವಿಡ್ ಕಾಲ ಚೆನ್ನಾಗಿ ದಾಖಲಾಗಿದೆ. 2020ರ ಮಾರ್ಚ್‌ನಲ್ಲಿ ಹಾಸಿಗೆ ತೆರವು ಮಾಡಲು ವೃದ್ಧರನ್ನು ಸೋಂಕಿನ ಪರೀಕ್ಷೆಯಿಲ್ಲದೆ ಆಸ್ಪತ್ರೆಯಿಂದ ಗೃಹಗಳಿಗೆ ಕಳಿಸಲಾಯಿತು. ಲಕ್ಷಣವಿಲ್ಲದವರಿಂದಲೂ ಸೋಂಕು ಹರಡಬಹುದೆಂಬುದನ್ನು ಲೆಕ್ಕಿಸದ ಆ ನೀತಿ ಕಾನೂನುಬಾಹಿರವೆಂದು ಹೈಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಸಿಬ್ಬಂದಿ ಕೊರತೆ ನೀಗಲು ಅದೇ ವರ್ಷದ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರಿಗೆ ವೀಸಾ ತೆರೆದಾಗ ಭಾರತ, ನೈಜೀರಿಯಾ, ಜಿಂಬಾಬ್ವೆಗಳಿಂದ ಬಹಳ ಮಂದಿ ಹೋದರು. 2024ರ ಮಾರ್ಚ್‌ನಿಂದ ಕುಟುಂಬವನ್ನು ಜೊತೆಗೆ ಕರೆದೊಯ್ಯುವಂತಿಲ್ಲವಾಯಿತು. 2025ರ ಜುಲೈನಲ್ಲಿ ಹೊರದೇಶದಿಂದ ಹೊಸ ನೇಮಕಾತಿಯೇ ನಿಂತಿತು.