ಲೋಡ್ ಡಿಸ್ಪ್ಯಾಚ್ ಇಂಜಿನಿಯರ್: ವೃತ್ತಿಪ್ರವೇಶ

ವಿದ್ಯುತ್ ಜಾಲದ ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲೆ ಕುಳಿತು, ಯಾವ ಉತ್ಪಾದನಾ ಘಟಕ ಎಷ್ಟು ಮೆಗಾವಾಟ್ ಕೊಡಬೇಕು, ಯಾವ ಮಾರ್ಗ ಚಾಲೂ ಇರಬೇಕು, ಯಾವುದನ್ನು ದುರಸ್ತಿಗೆ ಬಿಟ್ಟುಕೊಡಬೇಕು ಎಂದು ಆದೇಶಿಸುವವರು ಲೋಡ್ ಡಿಸ್ಪ್ಯಾಚ್ ಇಂಜಿನಿಯರ್. ಕರ್ನಾಟಕದಲ್ಲಿ ಈ ಕೆಲಸ ನಡೆಯುವುದು ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ. ಬಳಕೆಯ ಮಾತಿನಲ್ಲಿ ಎಸ್‌ಎಲ್‌ಡಿಸಿ. ದಕ್ಷಿಣದ ರಾಜ್ಯಗಳನ್ನೆಲ್ಲ ನೋಡಿಕೊಳ್ಳುವ ಪ್ರಾದೇಶಿಕ ಕೇಂದ್ರ, ಎಸ್‌ಆರ್‌ಎಲ್‌ಡಿಸಿ, ಇರುವುದೂ ಬೆಂಗಳೂರಿನಲ್ಲೇ. ಎರಡೂ ರೇಸ್‌ಕೋರ್ಸ್ ರಸ್ತೆಯ ಆಸುಪಾಸಿನಲ್ಲಿವೆ. ಮೊದಲನೆಯದನ್ನು ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ನಡೆಸುತ್ತದೆ. ಎರಡನೆಯದು ಗ್ರಿಡ್ ಇಂಡಿಯಾದ ಅಂಗ. 2022ರ ತನಕ ಆ ಸಂಸ್ಥೆಗೆ ಪೊಸೊಕೊ ಎಂಬ ಹೆಸರಿತ್ತು. ಇವುಗಳ ಮೇಲೆ ದೆಹಲಿಯ ರಾಷ್ಟ್ರೀಯ ಕೇಂದ್ರ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿದ್ದಾಗ ಇಂಥ ಹುದ್ದೆಯ ಅಗತ್ಯ ಅಷ್ಟಾಗಿ ಇರಲಿಲ್ಲ. ಉತ್ಪಾದಕ ಒಬ್ಬ, ಗಿರಾಕಿ ಒಬ್ಬ. ಇಂದು ಶರಾವತಿ, ಕಾಳಿ, ವಾರಾಹಿಗಳ ಜಲವಿದ್ಯುತ್ತು, ರಾಯಚೂರು, ಬಳ್ಳಾರಿ, ಯರಮರಸ್‌ಗಳ ಕಲ್ಲಿದ್ದಲು ಸ್ಥಾವರಗಳು, ಕೈಗಾದ ಅಣುಶಕ್ತಿಯ ಪಾಲು, ಪಾವಗಡದ ಸೌರ ಉದ್ಯಾನ, ಚಿತ್ರದುರ್ಗ ಮತ್ತು ಗದಗದ ಗಾಳಿಯಂತ್ರಗಳು ಎಲ್ಲವೂ ಒಂದೇ ಜಾಲದಲ್ಲಿವೆ. ಬೇಸಿಗೆಯ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವಾಟ್ ಮುಟ್ಟಿದೆ. ಬೇಡಿಕೆ ಮತ್ತು ಉತ್ಪಾದನೆ ಸರಿಹೊಂದಿವೆಯೇ ಎಂಬುದನ್ನು ತೋರಿಸುವುದು ಆವರ್ತನಾಂಕ, ಅಂದರೆ ಫ್ರೀಕ್ವೆನ್ಸಿ. ಅದು 50 ಹರ್ಟ್ಸ್ ಇರಬೇಕು, 49.90ರಿಂದ 50.05ರ ನಡುವೆ ಓಡಾಡಿದರೆ ನಡೆಯುತ್ತದೆ. ತೀರ ಕುಸಿದು 49.4ಕ್ಕೆ ಇಳಿದರೆ ಮನುಷ್ಯರ ಅಪ್ಪಣೆಗೆ ಕಾಯದೆ ರಿಲೇಗಳೇ ಹಂತಹಂತವಾಗಿ ಫೀಡರ್‌ಗಳನ್ನು ಕಡಿದುಹಾಕತೊಡಗುತ್ತವೆ. ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದೇ ಪಾಳಿಯವರ ಕೆಲಸ.

ಈ ಮೇಜಿಗೆ ನೇರವಾಗಿ ಅರ್ಜಿ ಹಾಕುವ ದಾರಿ ರಾಜ್ಯದಲ್ಲಿಲ್ಲ. ಎಲೆಕ್ಟ್ರಿಕಲ್ ಬಿ.ಇ. ಮುಗಿಸಿದವರು ಕೆಪಿಟಿಸಿಎಲ್‌ನ ಸಹಾಯಕ ಇಂಜಿನಿಯರ್ ಹುದ್ದೆಗೆ, ಡಿಪ್ಲೊಮಾದವರು ಕಿರಿಯ ಇಂಜಿನಿಯರ್ ಹುದ್ದೆಗೆ ಸ್ಪರ್ಧಾ ಪರೀಕ್ಷೆ ಬರೆಯುತ್ತಾರೆ. ಕನ್ನಡ ಓದದೆ ಬಂದವರು ಕನ್ನಡ ಭಾಷಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಆಯ್ಕೆಯಾದವರಲ್ಲಿ ಹೆಚ್ಚಿನವರು ಮೊದಲು ಹೋಗುವುದು ಸಬ್‌ಸ್ಟೇಷನ್‌ಗೆ ಅಥವಾ ಮಾರ್ಗ ನಿರ್ವಹಣೆಗೆ. ಎಸ್‌ಎಲ್‌ಡಿಸಿಗೆ ಹೋಗುವುದು ನಿಯೋಜನೆಯ ಮೂಲಕ. ಗ್ರಿಡ್ ಇಂಡಿಯಾದ ಬಾಗಿಲು ಬೇರೆ: ಗೇಟ್ ಪರೀಕ್ಷೆಯ ಅಂಕದ ಮೇಲೆ ಪ್ರಶಿಕ್ಷಣಾರ್ಥಿಗಳಾಗಿ ಸೇರಿದವರು ಸೀದಾ ನಿಯಂತ್ರಣ ಕೇಂದ್ರದ ಕೆಲಸಕ್ಕೇ ಬರಬಹುದು. ಹಾಗೆ ಬಂದವರ ಲೆಕ್ಕಾಚಾರ ಚುರುಕಾಗಿರುತ್ತದೆ, ನಿಜ. ಆದರೂ ಒಂದೆರಡು ವರ್ಷ ಸ್ಟೇಷನ್‌ನಲ್ಲಿ ದುಡಿದವರಿಗಿರುವ ಒಂದು ತಿಳಿವಳಿಕೆ ಪುಸ್ತಕದಿಂದ ಬರುವುದಿಲ್ಲ, ಮತ್ತು ಅದರ ಹೆಸರು ಲೈನ್ ಕ್ಲಿಯರ್.

ಇಲಾಖೆಯಲ್ಲಿ ಎಲ್‌ಸಿ ಎಂದೇ ಕರೆಯುತ್ತಾರೆ. ಒಂದು ಫೀಡರ್ ಮೇಲೆ ಪವರ್‌ಮ್ಯಾನ್ ಕೆಲಸ ಮಾಡಬೇಕೆಂದರೆ ಸ್ಟೇಷನ್‌ನಿಂದ ಎಲ್‌ಸಿ ತೆಗೆದುಕೊಳ್ಳಬೇಕು. ಆಪರೇಟರ್ ಬ್ರೇಕರ್ ತೆರೆದು, ಐಸೊಲೇಟರ್ ಬಿಡಿಸಿ, ಅರ್ಥ್ ಸ್ವಿಚ್ ಹಾಕಿ, ಫಲಕಕ್ಕೆ ‘ಕೆಲಸ ನಡೆಯುತ್ತಿದೆ’ ಎಂಬ ಬೋರ್ಡು ತೂಗುಹಾಕಿ, ಪುಸ್ತಕದಲ್ಲಿ ಫೀಡರಿನ ಹೆಸರು, ವೇಳೆ, ತೆಗೆದುಕೊಂಡವರ ಹೆಸರು ಬರೆಯುತ್ತಾರೆ. ತೆಗೆದುಕೊಂಡವರೇ ಅದನ್ನು ಹಿಂತಿರುಗಿಸಬೇಕು. ಒಂದೇ ಫೀಡರ್ ಮೇಲೆ ಎರಡು ತಂಡ ಎಲ್‌ಸಿ ಪಡೆದಿದ್ದರೆ ಎರಡೂ ವಾಪಸ್ಸಾಗುವ ತನಕ ಚಾರ್ಜ್ ಮಾಡುವಂತಿಲ್ಲ. ಊರಿನವರು ಫೋನ್ ಮೇಲೆ ಫೋನ್ ಮಾಡಿದರೂ ಅಷ್ಟೇ. ಈ ಪುಸ್ತಕವನ್ನು ತಾವೇ ಬರೆದವರು ಮುಂದೆ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಒಂದು ಗೆರೆಯನ್ನು ನೋಡಿದಾಗ ಅದರ ಕೆಳಗೆ ಗೋಪುರ ಹತ್ತಿದ ಮನುಷ್ಯರಿರಬಹುದು ಎಂಬುದನ್ನು ಮರೆಯುವುದಿಲ್ಲ. 220 ಅಥವಾ 400 ಕಿಲೊವೋಲ್ಟ್ ಮಾರ್ಗಗಳಲ್ಲಿ ಇದೇ ಶಿಸ್ತು ಇನ್ನೂ ಬಿಗಿ: ಬಿಡಿಸಲೂ ಹಾಕಲೂ ಲೋಡ್ ಡಿಸ್ಪ್ಯಾಚ್ ಕೇಂದ್ರ ಕೋಡ್ ಸಂಖ್ಯೆ ಕೊಡಬೇಕು, ಎರಡೂ ತುದಿಯವರು ಅದನ್ನು ಬರೆದುಕೊಳ್ಳಬೇಕು.

ನಿಯೋಜನೆಯಾದ ಮೇಲೆ ತರಬೇತಿ. ನಿಯಂತ್ರಣ ಕೇಂದ್ರಗಳ ಸಿಬ್ಬಂದಿಗೆ ಪ್ರಮಾಣಪತ್ರ ಮತ್ತು ಪ್ರೋತ್ಸಾಹಧನ ಇರಬೇಕೆಂದು ಗಿರೀಶ್ ಪ್ರಧಾನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತು. ಆ ಬಳಿಕ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆ ಮೂಲಮಟ್ಟದ ಪರೀಕ್ಷೆಯನ್ನೂ ಅದರ ಮೇಲೆ ವಿಶೇಷ ಮಟ್ಟದವನ್ನೂ ನಡೆಸತೊಡಗಿತು. ಆ ಸಂಸ್ಥೆಯ ಒಂದು ಶಾಖೆ ಬೆಂಗಳೂರಿನಲ್ಲೇ ಇದೆ. ಹೊಸಬರನ್ನು ಅನುಭವಿಗಳ ಪಕ್ಕದಲ್ಲಿ ಕೂರಿಸಿ ಕಲಿಸುವುದು ಇದಕ್ಕಿಂತ ಹಳೆಯ ಕ್ರಮ, ಮತ್ತು ನಿಜವಾದ ಕಲಿಕೆ ನಡೆಯುವುದು ಅಲ್ಲೇ.

ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಮಾಡಲಾಗಿದೆ. ಪ್ರತಿ ತುಂಡಿಗೂ ರಾಜ್ಯ ಇಷ್ಟು ವಿದ್ಯುತ್ ಪಡೆಯಬೇಕೆಂಬ ವೇಳಾಪಟ್ಟಿ ಹಿಂದಿನ ದಿನವೇ ತಯಾರಾಗಿರುತ್ತದೆ. ಹೆಚ್ಚು ಕಡಿಮೆ ಎಳೆದರೆ ರಾಜ್ಯ ದಂಡ ತೆರಬೇಕಾಗಬಹುದು. ಹೊಸಬರು ಮೊದಲು ಕಲಿಯುವುದು ಫೋನಿನಲ್ಲಿ ಮಾತನಾಡುವುದನ್ನು. ಜಲವಿದ್ಯುದಾಗಾರಕ್ಕೆ ಕರೆ ಹೋಗುತ್ತದೆ: ಇಷ್ಟು ಗಂಟೆಗೆ ಇಷ್ಟು ಮೆಗಾವಾಟ್ ಬ್ಯಾಕ್‌ಡೌನ್ ಮಾಡಿ. ಆ ಕಡೆಯವರು ಅದನ್ನೇ ತಿರುಗಿ ಹೇಳಬೇಕು, ಇವರು ಸರಿ ಎನ್ನಬೇಕು, ಆಮೇಲೆ ಲಾಗ್‌ಬುಕ್ಕಿಗೆ. ‘ಸ್ವಲ್ಪ ಕಡಿಮೆ ಮಾಡಿ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಹುದ್ದೆಯಲ್ಲಿ ತಮಗಿಂತ ದೊಡ್ಡವರಿರುವ ಸ್ಥಾವರಕ್ಕೂ ಇಪ್ಪತ್ತೈದರ ಯುವತಿಯೋ ಯುವಕನೋ ಆದೇಶ ಕೊಡಬೇಕಾಗುತ್ತದೆ. ‘ಸರ್, ದಯವಿಟ್ಟು’ ಎಂದೇ ಶುರುಮಾಡಿದರೂ ಅಂಕಿಯಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಈ ಅಧಿಕಾರಕ್ಕೆ ಕಾನೂನಿನ ಬಲವಿದೆ: 2003ರ ವಿದ್ಯುತ್ ಕಾಯ್ದೆಯ 33ನೇ ಕಲಮಿನ ಪ್ರಕಾರ ಎಸ್‌ಎಲ್‌ಡಿಸಿಯ ಸೂಚನೆ ಪಾಲಿಸದವರಿಗೆ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಆದೇಶ ಕಿವಿಗೆ ಬೀಳದಿದ್ದರೆ ಏನಾಗುತ್ತದೆ ಎಂಬುದನ್ನು ತರಬೇತಿಯಲ್ಲಿ 2012ರ ಜುಲೈ 30 ಮತ್ತು 31ರ ಉದಾಹರಣೆಯಿಂದ ಹೇಳಿಕೊಡುತ್ತಾರೆ. ಉತ್ತರದ ಕೆಲವು ರಾಜ್ಯಗಳು ಪಾಲಿಗಿಂತ ಹೆಚ್ಚು ಎಳೆಯುತ್ತಿದ್ದವು, ಕಡಿಮೆ ಮಾಡಿ ಎಂಬ ಸೂಚನೆಗೆ ಸಾಕಷ್ಟು ಸ್ಪಂದನೆ ಸಿಗಲಿಲ್ಲ, ಬೀನಾ–ಗ್ವಾಲಿಯರ್ 400 ಕಿಲೊವೋಲ್ಟ್ ಮಾರ್ಗ ಟ್ರಿಪ್ ಆಯಿತು, ಜಾಲ ಕುಸಿಯಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಕತ್ತಲಾದವು. ದಕ್ಷಿಣಕ್ಕೆ ಬಿಸಿ ತಟ್ಟಲಿಲ್ಲ; ನಮ್ಮ ಜಾಲ ಆಗಿನ್ನೂ ಬೇರೆ ಲಯದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ ದೇಶವಿಡೀ ಒಂದೇ ಜಾಲವಾಯಿತು. ಅಲ್ಲಿಂದಾಚೆಗೆ ದೂರದ ತೊಂದರೆಯೂ ಬೆಂಗಳೂರಿನ ಪರದೆಯಲ್ಲಿ ಆ ಕ್ಷಣವೇ ಕಾಣುತ್ತದೆ.

ಪಾಳಿ ಮೂರು, ಹಬ್ಬಕ್ಕೂ ರಜೆಯಿಲ್ಲ. ಹಿಂದೆ ಹೊಸಬರನ್ನು ಹೆದರಿಸಲು ಬೇಸಿಗೆಯ ಮಧ್ಯಾಹ್ನ ಸಾಕಿತ್ತು. ಈಗ ಪಂಪ್‌ಸೆಟ್‌ಗಳ ಬಹುಪಾಲು ಹೊರೆ ಬಿಸಿಲಿನ ಹೊತ್ತಿಗೆ ಸರಿದಿದೆ, ಸೌರವಿದ್ಯುತ್ತು ಅದನ್ನು ಹೊತ್ತುಕೊಳ್ಳುತ್ತದೆ. ಕಷ್ಟದ ಹೊತ್ತು ಸಂಜೆ. ಪಾವಗಡವೊಂದರಲ್ಲೇ 2,050 ಮೆಗಾವಾಟ್ ಸಾಮರ್ಥ್ಯವಿದೆ. ಸೂರ್ಯ ಇಳಿದಂತೆ ಅದು ಸೊನ್ನೆಗೆ ಬರುತ್ತದೆ, ಅದೇ ಹೊತ್ತಿಗೆ ಮನೆಮನೆಯ ದೀಪ ಹೊತ್ತುತ್ತದೆ. ಕಲ್ಲಿದ್ದಲು ಘಟಕ ನಿಧಾನ. ಬೇಗ ಏಳಬಲ್ಲದ್ದು ಶರಾವತಿ, ವಾರಾಹಿಗಳ ನೀರು. ಆ ನೀರನ್ನು ಮಧ್ಯಾಹ್ನವೇ ಖರ್ಚು ಮಾಡಿ ಕೂರದಂತೆ ಎಣಿಸುವುದು ಅನುಭವದಿಂದಷ್ಟೇ ಬರುವ ವಿದ್ಯೆ. ನಡುರಾತ್ರಿಯ ಸಮಸ್ಯೆ ಇದಕ್ಕೆ ತಿರುಗುಮುರುಗು: ಹೊರೆ ಇಳಿದಾಗ 400 ಕಿಲೊವೋಲ್ಟ್ ಮಾರ್ಗಗಳ ವೋಲ್ಟೇಜ್ 420ರ ಮಿತಿಯತ್ತ ಏರುತ್ತದೆ. ಆಗ ವೋಲ್ಟೇಜ್ ತಗ್ಗಿಸುವ ರಿಯಾಕ್ಟರ್ ಹಾಕಬೇಕು, ಅದೂ ಸಾಲದಿದ್ದರೆ ಚೆನ್ನಾಗಿರುವ ಮಾರ್ಗವನ್ನೇ ಬೇಕೆಂದು ತೆರೆದಿಡಬೇಕು.

ಕೆಲವು ವರ್ಷ ಪಾಳಿ ಮಾಡಿದವರು ವೇಳಾಪಟ್ಟಿ, ವಿದ್ಯುತ್ ಲೆಕ್ಕಪತ್ರ, ಮಾರ್ಗಗಳ ನಿಲುಗಡೆ ಯೋಜನೆ, ಜಾಲದ ಮಾಪನಗಳನ್ನು ಪರದೆಗೆ ತರುವ ಸ್ಕಾಡಾ ವಿಭಾಗಗಳಿಗೆ ಸರಿಯುತ್ತಾರೆ, ಅಥವಾ ಬಡ್ತಿ ಪಡೆದು ಮರಳಿ ಸಬ್‌ಸ್ಟೇಷನ್‌ಗೆ ಹೋಗುತ್ತಾರೆ. ವರ್ಗಾವಣೆಯ ಈ ಪದ್ಧತಿಯಿಂದ ಪಳಗಿದವರು ಹೊರಟು ಹೊಸಬರು ಬರುವುದು ನಿಯಂತ್ರಣ ಕೊಠಡಿಗೆ ನಷ್ಟವೇ. ಸ್ಟೇಷನ್‌ಗಳಿಗೆ ಮಾತ್ರ ಇದರಿಂದ ಲಾಭ: ಫೋನಿನ ಆ ತುದಿಯಲ್ಲಿ ಕುಳಿತಿದ್ದವರೇ ಈಗ ಈ ತುದಿಯಲ್ಲಿ ಕೋಡ್ ಸಂಖ್ಯೆ ಬರೆದುಕೊಳ್ಳುತ್ತಿರುತ್ತಾರೆ.