ಉಳಿದದ್ದು ಮತ್ತು ಉಳಿಸಿದ್ದು

‘ಉಳಿತಾಯ’ ಎಂಬ ಒಂದೇ ಪದವನ್ನು ನಾವು ಎರಡು ಅರ್ಥದಲ್ಲಿ ದುಡಿಸುತ್ತೇವೆ. ಪುರಸಭೆಯ ಆಯವ್ಯಯ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ ‘ಉಳಿತಾಯ ಬಜೆಟ್’ ಎಂಬ ತಲೆಬರಹ ಬಂದರೆ, ಆದಾಯದಲ್ಲಿ ಖರ್ಚು ಕಳೆದು ಇಷ್ಟು ಮಿಕ್ಕಿತು ಎಂದರ್ಥ. ಅಂಚೆ ಕಚೇರಿಯ ‘ಉಳಿತಾಯ ಖಾತೆ’ಯಲ್ಲಿ ಅದೇ ಪದಕ್ಕೆ ಬೇಕೆಂದೇ ತೆಗೆದಿಟ್ಟದ್ದು ಎಂಬ ಅರ್ಥ. ಮೊದಲನೆಯದರ ಹಿಂದೆ ‘ಉಳಿ’ ಇದೆ, ಎರಡನೆಯದರ ಹಿಂದೆ ‘ಉಳಿಸು’. ಬೆಳೆ–ಬೆಳೆಸು, ಕಲಿ–ಕಲಿಸು ಇದ್ದ ಹಾಗೆ ಇದೂ ಒಂದು ಜೋಡಿ. ಹೊಲದಲ್ಲಿ ಕಳೆ ತಾನಾಗಿ ಬೆಳೆಯುತ್ತದೆ, ಜೋಳವನ್ನು ಬೆಳೆಸಬೇಕು. ಹಾಗೆಯೇ ಗಡಿಗೆಯಲ್ಲಿ ಸಾರು ತಾನಾಗಿ ಉಳಿಯುತ್ತದೆ, ರೊಕ್ಕವನ್ನು ಉಳಿಸಬೇಕು. ತಿಂಗಳ ಕೊನೆಗೆ ಏನಾದರೂ ಮಿಕ್ಕೀತು ಎಂದು ಕಾಯುವ ಮನೆ ‘ಉಳಿ’ಯನ್ನು ನಂಬಿದೆ; ಆ ನಂಬಿಕೆ ಕೈಗೂಡುವುದು ಅಪರೂಪ. ಬದುಕಿಗೆ ಆಸರೆಯಾಗುವ ಕ್ರಿಯಾಪದ ‘ಉಳಿಸು’ ಒಂದೇ.

ಇದು ವ್ಯಾಕರಣದ ಜಾಣತನವಲ್ಲ ಎಂಬುದಕ್ಕೆ ಗದಗ ಜಿಲ್ಲೆಯ ರಾಜೂರ, ಗಜೇಂದ್ರಗಡ, ರೋಣ, ನರಗುಂದದ ಸೀಮೆಯ ಒಕ್ಕಲುತನವೇ ಸಾಕ್ಷಿ. ಮಳೆಯನ್ನು ನಂಬುವಂತಿಲ್ಲದ ಈ ಸೀಮೆಯಲ್ಲಿ ರಾಶಿಯಾದ ಮೇಲೆ ಬಿತ್ತನೆಯ ಬೀಜವನ್ನು ಮೊದಲು ತೆಗೆದಿಟ್ಟು, ಆಮೇಲೆ ಊಟದ ಕಾಳಿನ ಲೆಕ್ಕ ಹಾಕುತ್ತಿದ್ದರು. ಉಂಡು ಮಿಕ್ಕಿದ್ದನ್ನು ಬಿತ್ತುತ್ತೇನೆ ಎಂದವನ ಹೊಲ ಮುಂದಿನ ವರ್ಷ ಬೀಳು. ಜೋಳ ಹೆಚ್ಚಾದಾಗ ಅದು ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗಿನ ಆ ಕಣಜದ ಬಾಯಿಯನ್ನು ಮಣ್ಣಿನಿಂದ ಬಿಗಿಯಾಗಿ ಮುಚ್ಚಿದರೆ ಒಳಗೆ ಗಾಳಿಯಾಡದು, ಹುಳುವೂ ಬದುಕದು. ತೆರೆದ ಕೂಡಲೇ ಇಳಿದರೆ ಉಸಿರುಗಟ್ಟಿ ಜೀವವೇ ಹೋದೀತೆಂದು, ಬಾಯಿ ತೆಗೆದ ಮೇಲೂ ಕಾಯಬೇಕಿತ್ತು. ತೆಗೆಯುವುದು ಇಷ್ಟು ಕಷ್ಟವಾದ್ದರಿಂದ ನಿತ್ಯದ ಆಸೆಗೆ ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯೂ ಇದೇ ಮನಸ್ಸಿನ ಕೆಲಸ. ಹರಿದದ್ದು ತಾನಾಗಿ ಹೊದಿಕೆಯಾಗಲಿಲ್ಲ, ಯಾರೋ ಕೂತು ಹೊಲಿದದ್ದಕ್ಕೆ ಆಯಿತು.

ಇಂದಿನ ರೊಕ್ಕಕ್ಕೂ ಈ ಎರಡು ಪಾಠ ಹೊಂದುತ್ತವೆ: ಮೊದಲು ತೆಗೆದಿಡು, ತೆಗೆದಿಟ್ಟದ್ದನ್ನು ಕೈಗೆ ದೂರವಿಡು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆ. ರಾಜೂರದಿಂದ ಗಜೇಂದ್ರಗಡದ ಸಂತೆಗೆ ಹೋಗಿಬಂದವಳಿಗೆ ಆ ರೊಕ್ಕ ಖಂಡಿತ ಉಳಿಯುತ್ತದೆ. ಆದರೆ ಅದನ್ನು ಅಂದೇ ಡಬ್ಬಿಗೆ ಹಾಕದಿದ್ದರೆ ಸಂಜೆಯೊಳಗೆ ಬೇರೆ ಯಾವುದಕ್ಕೋ ಹೋಗಿರುತ್ತದೆ. ಡಬ್ಬಿಯ ರೊಕ್ಕ ಕೂಡುತ್ತಾ ಬಂದರೆ ಅಂಚೆ ಕಚೇರಿಯ ಆರ್‌ಡಿ ಇದೆ. ತಿಂಗಳಿಗೆ ಕನಿಷ್ಠ 100 ರೂಪಾಯಿ, 5 ವರ್ಷದ ಅವಧಿ. ಅವಧಿಗೆ ಮುಂಚೆ ಸುಲಭಕ್ಕೆ ಬಿಚ್ಚಲಾಗದ ಆ ಗಂಟು ಈ ಕಾಲದ ಹಗೇವು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಖರ್ಚು ಮಾಡುವ ಖಾತೆ ಬೇರೆ, ಕೂಡಿಡುವ ಖಾತೆ ಬೇರೆ ಇರಲಿ ಎನ್ನುವುದೂ ಇದೇ ಕಾರಣಕ್ಕೆ. ಸುಗ್ಗಿಯಲ್ಲಿ ಬೆಲೆ ಇಳಿದಾಗ ವರ್ಷದ ಜೋಳ, ಬೇಳೆ, ಮೆಣಸಿನಕಾಯಿ ಕೊಂಡಿಡಬಲ್ಲವರು ಕೈಯಲ್ಲಿ ನಗದು ಇದ್ದವರು. ಉದ್ರಿ ತರುವವರು ಅಂಗಡಿಯವನು ಹೇಳಿದ ಬೆಲೆಗೇ ಒಯ್ಯಬೇಕು.

‘ಗಳಿಕೆಯೇ ಸಾಲದವರು ಏನನ್ನು ಉಳಿಸಬೇಕು?’ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಸಿದ ಮಗುವಿನ ಬಟ್ಟಲಿನಿಂದ ತೆಗೆದದ್ದಕ್ಕೆ ಉಳಿತಾಯ ಎಂಬ ಹೆಸರು ಸಲ್ಲದು. ಕೂಲಿ ಹೆಚ್ಚಬೇಕು, ಬೆಳೆಗೆ ಬೆಲೆ ಸಿಗಬೇಕು. ಮಿತವ್ಯಯದ ಉಪದೇಶ ಅದಕ್ಕೆ ಬದಲಿಯಾಗದು. ಆದರೂ ಉಳಿಸಿದ್ದರ ಬೆಲೆ ಬಡವರಿಗೇ ಹೆಚ್ಚು ಎಂಬುದನ್ನು ಬಡ್ಡಿಯ ಲೆಕ್ಕ ತೋರಿಸುತ್ತದೆ. ತಿಂಗಳಿಗೆ ನೂರಕ್ಕೆ ಮೂರರಂತೆ 10,000 ರೂಪಾಯಿ ಕೈಸಾಲ ತಂದು ಏಳು ತಿಂಗಳಿಗೆ ತೀರಿಸಿದರೆ ಬಡ್ಡಿಯೇ 2,100. ಆ ಸಾಲದಲ್ಲಿ ಸಾವಿರ ರೂಪಾಯಿಯಷ್ಟು ಕಡಿಮೆ ತಂದರೂ 210 ರೂಪಾಯಿ ಮನೆಯಲ್ಲೇ ನಿಂತಿತು. ಯಾವ ಬ್ಯಾಂಕೂ ಠೇವಣಿಗೆ ಅಷ್ಟು ಕೊಡದು. ಒಬ್ಬರಿಂದಾಗದ್ದನ್ನು ಕೂಡಿ ಮಾಡಬಹುದು ಎಂಬುದನ್ನು ಇದೇ ಗದಗ ಜಿಲ್ಲೆಯ ಕಣಗಿನಹಾಳ 1905ರಲ್ಲೇ ತೋರಿಸಿತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಹುಟ್ಟಿದ್ದು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ‘ಪತ್ತು’ ಎಂದರೆ ನಂಬಿ ಕೊಡುವಷ್ಟು ಯೋಗ್ಯತೆ; ಒಬ್ಬೊಬ್ಬರಾಗಿ ಪತ್ತಿಲ್ಲದವರು ಸಣ್ಣ ಪಾಲು ಕೂಡಿಸಿದಾಗ ಊರಿಗೇ ಪತ್ತು ಬಂತು. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ನಡೆದದ್ದೂ ಹಾಗೆಯೇ: ಮೊದಲು ವಾರದ ಉಳಿತಾಯ, ಆಮೇಲೆ ಸಾಲ.

ಇನ್ನೊಂದು ಆಕ್ಷೇಪ, ಉಳಿಸುವವರು ಜಿಪುಣರು ಎಂಬುದು. ಜಿಪುಣರು ಬೇಕಾದ ಕಡೆಯೂ ಬಿಚ್ಚುವುದಿಲ್ಲ. ಉಳಿಸುವವರು ಬೇಕಾದ ಕಡೆ ಬಿಚ್ಚಲೆಂದೇ ಕಟ್ಟಿಡುತ್ತಾರೆ. ಬೆಲೆಯೇರಿಕೆಯಲ್ಲಿ ಕೂಡಿಟ್ಟ ರೊಕ್ಕ ಸವೆಯುತ್ತದೆ ಎಂಬ ಮಾತೂ ನಿಜ. ಅದಕ್ಕೇ ಗಂಟು ಸ್ವಲ್ಪ ದೊಡ್ಡದಾದಾಗ ಅದು ಸಾಲ ತೀರಿಸಲು, ಹೊಲಿಗೆ ಯಂತ್ರಕ್ಕೆ, ಎಮ್ಮೆಗೆ, ಮಗಳ ಓದಿಗೆ ಇಳಿಯಬೇಕು. ಬೀಜ ಕೊನೆಗೆ ನೆಲಕ್ಕೆ ಬೀಳಲೇಬೇಕಲ್ಲವೇ? ಕನ್ನಡ ಈ ಕ್ರಿಯಾಪದವನ್ನು ರೊಕ್ಕಕ್ಕಷ್ಟೇ ಕಟ್ಟಿಲ್ಲ. ಜೀವ ಉಳಿಸಿದರು, ಮಾನ ಉಳಿಸಿದರು, ಕೊಟ್ಟ ಮಾತು ಉಳಿಸಿಕೊಂಡರು ಎನ್ನುತ್ತೇವೆ. ಬರಗಾಲದಲ್ಲಿ, ಕಾಯಿಲೆಯಲ್ಲಿ, ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಈ ಮೂರನ್ನೂ ಕಾಯುವುದು ಹಿಂದೆಂದೋ ತೆಗೆದಿಟ್ಟ ಸಣ್ಣ ಗಂಟು. ‘ಉಳಿಗಾಲ’ ಎಂಬ ಪದ ನಮ್ಮ ಬಾಯಲ್ಲಿ ‘ಇಲ್ಲ’ ಎಂಬುದರ ಜೊತೆಗೇ ಬರುತ್ತದೆ: ಒಕ್ಕಲುತನಕ್ಕೆ ಉಳಿಗಾಲವಿಲ್ಲ, ಬಡವರಿಗೆ ಉಳಿಗಾಲವಿಲ್ಲ. ರಾಶಿಯಿಂದ ಮೊದಲ ಬೊಗಸೆ ಬೀಜಕ್ಕೆಂದು ತೆಗೆದಿಟ್ಟವರು ಮುಂದಿನ ಮುಂಗಾರಿಗೆ ತಮಗೊಂದು ಉಳಿಗಾಲ ಉಂಟು ಎಂದು ನಂಬಿದ್ದರು.